ಚೌಕಟ್ಟಿನ ಬೆನ್ನಿಗಂಟಿದ ಚೀಟಿ

ಫ್ರೇಮ್ ತಾತನ ತಿಥಿಗೆ ಹೋದಾಗ ನಾನು ಮೊದಲು ನೋಡಿದ್ದು ಗೋಡೆಯನ್ನು. ಊರಿಗಾಂನಲ್ಲಿ ಚಿನ್ನದ ಗಣಿಯ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಹಳೆಯ ಲೈನ್ ಮನೆ, ಎರಡು ಕೋಣೆ, ತಗಡಿನ ಮಾಡು. ಬಾಗಿಲಿಗೆ ಎದುರಾಗಿ ಅವರ ಫೋಟೋ, ಅದಕ್ಕೊಂದು ಸೇವಂತಿಗೆ ಹಾರ. ಫೋಟೋವನ್ನು ಲ್ಯಾಮಿನೇಷನ್ ಮಾಡಿಸಿದ್ದರು. ಸಾಲದ್ದಕ್ಕೆ ಒಂದೇ ಮೊಳೆಗೆ ತೂಗುಹಾಕಿದ್ದರು.

ನನಗೆ ನಗು ಬಂತು. ಸಾವಿನ ಮನೆಯಲ್ಲಿ ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆಂದು ತಿಳಿದ ಅವರ ಸೊಸೆ ಬಂದು ಬೆನ್ನು ಸವರಿದಳು.

"ಅಳಬೇಡಿ ಮೇಡಂ. ಮಾವಂಗೆ ಒಳ್ಳೆ ಸಾವು. ಕಾಫಿ ಕುಡುದ್ರು, ಲೋಟ ಕೆಳಗಿಟ್ರು, ಸಕ್ರೆ ಕಮ್ಮಿ ಅಂತ ನನ್ನ ಬೈದ್ರು, ಅಂಗೇ ಗೋಡೆಗೆ ಒರಗಿದ್ರು."

"ಫೋಟೋ..." ಎಂದೆ.

"ಅರ್ಜೆಂಟಾಗಿ ಬೇಕಿತ್ತಲ್ಲ. ಬಸ್‌ಸ್ಟ್ಯಾಂಡ್ ತಾವ ಅರ್ಧ ಗಂಟೇಲಿ ಮಾಡ್ಕೊಟ್ರು. ಎಂಗೆ ಫಳಫಳ ಅಂತದೆ ನೋಡಿ."

ನಿಜವಾಗಿಯೂ ಫಳಫಳ ಎನ್ನುತ್ತಿತ್ತು. ಟ್ಯೂಬ್‌ಲೈಟಿನ ಬೆಳಕು ಹೊಳೆದು ಮೂಗಿನಿಂದ ಮೇಲಕ್ಕೆ ಮುಖವೇ ಕಾಣುತ್ತಿರಲಿಲ್ಲ. ಈ ಊರಿನ ಅರ್ಧ ಸತ್ತವರಿಗೆ ಚೌಕಟ್ಟು ಕಟ್ಟಿಕೊಟ್ಟ ಮನುಷ್ಯ ಕೊನೆಗೆ ರೇಷನ್ ಕಾರ್ಡಿನ ಹಾಗೆ ಪ್ಲಾಸ್ಟಿಕ್ಕಿನೊಳಗೆ ಕೂತಿದ್ದರು.

ನಾನು ಬಂಗಾರಪೇಟೆಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ತಾತನನ್ನು ಬಲ್ಲದ್ದು ಎರಡು ವರ್ಷಕ್ಕಿಂತ ತುಸು ಹೆಚ್ಚು, ಅಷ್ಟೇ. ಆ ಎರಡು ವರ್ಷದಲ್ಲಿ ನಾಲ್ಕೈದು ಸೆಕೆಂಡುಗಳಿವೆ. ಅವು ಈಗಲೂ ನನ್ನನ್ನು ಬಿಟ್ಟಿಲ್ಲ. ಅಡುಗೆಮನೆಯಲ್ಲಿ ಒಂದು ತಟ್ಟೆ ಜಾರಿದರೆ ಸಾಕು, ಕತ್ತಿನ ಹಿಂಭಾಗ ತಣ್ಣಗಾಗುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮನುಷ್ಯ ಎಂಥವರು ಎಂದು ಹೇಳಬೇಕು. ಇಲ್ಲದಿದ್ದರೆ ಅವರು ಆ ದಿನ ಮಾಡಿದ್ದು ಅವರಿಗೆ ಎಷ್ಟು ಒಗ್ಗದ ಕೆಲಸ ಎಂಬುದು ತಿಳಿಯುವುದಿಲ್ಲ.

ಊರು ಅವರನ್ನು ಫ್ರೇಮ್ ತಾತ ಎನ್ನುತ್ತಿತ್ತು. ಗಣಿ ನಡೆಯುತ್ತಿದ್ದಾಗ ಸರ್ವೆ ಆಫೀಸಿನಲ್ಲಿ ಟ್ರೇಸರ್ ಆಗಿದ್ದರಂತೆ. ಅಂದರೆ, ಸಾಹೇಬರು ಬರೆದ ಗಣಿ ನಕ್ಷೆಯ ಮೇಲೆ ತೆಳುವಾದ ಬಟ್ಟೆ ಹಾಸಿ, ಒಂದು ಗೆರೆಯೂ ಅಲ್ಲಾಡದಂತೆ ಮತ್ತೆ ಬರೆಯುವ ಕೆಲಸ. "ಸಾಯೇಬ್ರು ಮಾಡಿದ ತಪ್ಪನ್ನೂ ಕರೆಕ್ಟಾಗಿ ಬರೀಬೇಕು. ಅದೇ ಡ್ಯೂಟಿ," ಎನ್ನುತ್ತಿದ್ದರು. ಗಣಿ ಮುಚ್ಚಿದ ಮೇಲೆ ಒಂದು ಹಳೆಯ ಕಂಪನಿ ಕಟ್ಟಡದ ಪಡಸಾಲೆ ಹಿಡಿದು ಫ್ರೇಮ್ ಅಂಗಡಿ ಇಟ್ಟರು. ಒಂದು ಕಡೆ ಮುರುಗ, ವೆಂಕಟರಮಣ, ಲಕ್ಷ್ಮಿ, ಇನ್ನೊಂದು ಕಡೆ ಮದುವೆಯ ಜೋಡಿಗಳು, ನಡುವೆ ತೀರಿಹೋದವರು. "ಮೂರಕ್ಕೂ ಒಂದೇ ಬೀಡಿಂಗು," ಎಂದು ಮರದ ಪಟ್ಟಿಯನ್ನು ತಟ್ಟಿ ತೋರಿಸುತ್ತಿದ್ದರು.

ಅವರಿಗೆ ಲ್ಯಾಮಿನೇಷನ್ ಎಂದರೆ ಆಗುತ್ತಿರಲಿಲ್ಲ. ಯಾರಾದರೂ ಆ ಮಾತೆತ್ತಿದರೆ ಗಾಜು ಕೊಯ್ಯುವ ವಜ್ರದ ಮೊನೆಯನ್ನು ಅವರ ಕಡೆಗೇ ತಿರುಗಿಸಿ, "ಅದು ಬದುಕಿರೋನಿಗೆ ಎಣದ ಪ್ಯಾಕಿಂಗು ಕಣಪ್ಪ. ಕಾಗದ ಉಸ್ರಾಡಬೇಕು. ನಿನ್ ಮೂಗಿಗೆ ಪ್ಲಾಸ್ಟಿಕ್ ಸುತ್ಲಾ?" ಎನ್ನುತ್ತಿದ್ದರು.

ಎರಡು ಮೊಳೆಯ ವಿಷಯವೂ ಹಾಗೆಯೇ. ಗಣಿ ಇದ್ದಾಗ ನೆಲದಡಿಯಲ್ಲಿ ಬಂಡೆ ಸಿಡಿದರೆ ಮೇಲೆ ಮನೆ ಅದುರುತ್ತಿತ್ತಂತೆ. ಪಾತ್ರೆಗಳು ಕುಣಿಯುತ್ತಿದ್ದವು, ದೇವರ ಪಟಗಳು ಕಳಚಿ ಬೀಳುತ್ತಿದ್ದವು. ಅದಕ್ಕೇ ಲೈನ್ ಮನೆಗಳಲ್ಲಿ ಪ್ರತಿ ಪಟಕ್ಕೂ ಎರಡು ಮೊಳೆ, ಕೆಳಗಿನಿಂದ ಒಂದು ದಾರ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ತಾತ ಗಿರಾಕಿಗಳಿಗೆ ಎರಡೆರಡು ಮೊಳೆ ಎಣಿಸಿ ಕೊಡುತ್ತಿದ್ದರು. "ನಮ್ಮ ಬಂಗಾರಪೇಟೆಯಲ್ಲಿ ನೆಲ ಅದುರಲ್ಲ ತಾತ" ಎಂದರೆ, "ನಂಗೆ ರಿಟೈರ್ಮೆಂಟ್ ಆಗದೆ. ಭೂಮಿಗೆ ಆಗಿಲ್ಲ," ಎಂದರು.

ಇನ್ನು ಚೀಟಿ. ಸರ್ವೆ ಆಫೀಸಿನ ಪ್ರತಿ ನಕ್ಷೆಯ ಮೂಲೆಯಲ್ಲೂ ವಿವರ ಬರೆಯುವ ಒಂದು ಚೌಕ ಇರುತ್ತಿತ್ತಂತೆ. ಆ ಚಟ ಬಿಡಲಾರದೆ ತಾತ ಪ್ರತಿ ಚೌಕಟ್ಟಿನ ಒಳಬೆನ್ನಿಗೂ ಒಂದು ಚೀಟಿ ಅಂಟಿಸಿ, ಅದರ ಮೇಲೆ ಕಂದು ಕಾಗದ ಬಡಿದು ಮುಚ್ಚಿಬಿಡುತ್ತಿದ್ದರು. ಹೆಸರು, ಹಾನಿ, ಕಾರಣ, ಬೆಲೆ ಎಂದು ನಾಲ್ಕು ಸಾಲು. ರಿಪೇರಿಗೆ ಬಂದ ಹಳೆಯ ಪಟಗಳನ್ನು ಬಿಚ್ಚಿದಾಗ ಕೆಲವನ್ನು ನಾನೇ ಓದಿದ್ದೇನೆ. ‘ಲಕ್ಷ್ಮಿ. ಹಾನಿ: ಎಡಗಾಲಿಗೆ ತೇವ. ಕಾರಣ: ಬಚ್ಚಲ ಗೋಡೆ. ಬೆಲೆ: ದೇವರಿಗೆ ಕೇಳಬಾರದು.’ ಒಂದು ಮದುವೆ ಫೋಟೋ: ‘ಹಾನಿ: ಸದ್ಯಕ್ಕೆ ಇಲ್ಲ.’ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಭಾವಚಿತ್ರ: ‘ಹಾನಿ: ಮೊದಲಿನಿಂದಲೂ.’

"ಯಾರಾದರೂ ಬಿಚ್ಚಿ ಓದಿದರೆ?" ಎಂದು ಕೇಳಿದ್ದೆ.

"ಓದ್ಲಿ. ಮುಂದ್ಗಡೆ ಎಲ್ರೂ ನಗ್ತಾ ಇರ್ತಾರೆ. ಇಂದ್ಗಡೆನಾದ್ರೂ ಯಾರಾದ್ರೂ ನಿಜ ಬರೀಬೇಕಲ್ಲಮ್ಮ."

ಕಾರಣದ ಸಾಲಿನಲ್ಲಿ ಅವರು ಸುಳ್ಳು ಬರೆದದ್ದಿಲ್ಲ. ನನಗೆ ಕಷ್ಟವಾದದ್ದು ಅದೇ.

ನಾನು ಅವರ ಬಳಿ ಹೋದದ್ದು ಒಂದು ಚಿತ್ರದ ಸಲುವಾಗಿ. ನನ್ನ ಜೊತೆ ಓದಿದ ಗೆಳತಿಯೊಬ್ಬಳು, ಕ್ಯಾಸಂಬಳ್ಳಿಯ ಹೈನಿನ ಮನೆಯವಳು, ಮುಂದೆ ಕಲಾಶಾಲೆ ಸೇರಿ ಅಚ್ಚುಚಿತ್ರ ಮಾಡುವುದನ್ನು ಕಲಿತಳು. ಸತುವಿನ ತಗಡಿನ ಮೇಲೆ ಗೆರೆ ಕೊರೆದು, ಆ್ಯಸಿಡ್ಡಿನಲ್ಲಿ ಕಚ್ಚಿಸಿ, ಮಸಿ ತುಂಬಿ, ಒದ್ದೆ ಕಾಗದ ಹಾಸಿ ರೋಲರಿನಡಿ ಒತ್ತಿ ತೆಗೆಯುವ ಚಿತ್ರ. ಅದರಲ್ಲಿ ಮರವಿಲ್ಲ, ಮನುಷ್ಯರಿಲ್ಲ. ಅಡ್ಡ ಗೆರೆಗಳು, ಅವುಗಳನ್ನು ಸೀಳಿ ಇಳಿಯುವ ಒಂದು ದಪ್ಪ ಕಪ್ಪು, ಬಲಕ್ಕೆ ಬೂದು ಕಲೆ. ಒಂದು ಪ್ರತಿಯನ್ನು ನಮ್ಮ ಲೈಬ್ರರಿಗೆ ಕೊಟ್ಟಿದ್ದಳು. ಆಗಿನ ಪ್ರಿನ್ಸಿಪಾಲರು, "ಇದನ್ನು ಯಾವ ಕಡೆಯಿಂದ ನೋಡಬೇಕು?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಲ್ಯಾಮಿನೇಷನ್ ಮಾಡಿಸಿ ಹಾಕಿ" ಎಂದಿದ್ದರು. ಪುಣ್ಯಕ್ಕೆ ಅಷ್ಟು ದೊಡ್ಡ ಮೆಷಿನ್ ಬಂಗಾರಪೇಟೆಯಲ್ಲಿ ಸಿಗಲಿಲ್ಲ. ನಾನೇ ಪ್ಲೈವುಡ್ಡಿಗೆ ಸೆಲ್ಲೋಟೇಪು ಹಚ್ಚಿ, ಮೇಲೆ ಗಾಜು ಒತ್ತಿ ತೂಗುಹಾಕಿದ್ದೆ. ಹತ್ತು ವರ್ಷ ಹಾಗೇ ಇತ್ತು.

ಆಮೇಲೆ ಗೆಳತಿಯ ಫೋನು. ಬೆಂಗಳೂರಿನಲ್ಲಿ ಅವಳದೇ ಮೊದಲ ಪ್ರದರ್ಶನ. ಆ ಚಿತ್ರ ಬೇಕು.

"ಇನ್ನೊಂದು ಪ್ರತಿ ತೆಗೆಯೋಕೆ ಬರಲ್ವೇನೇ?" ಎಂದೆ, ಸೆಲ್ಲೋಟೇಪನ್ನು ನೆನೆದು.

"ತಗಡು ಎಲ್ಲೈತೆ? ಅಮ್ಮ ಅದನ್ನ ಆಲಿನ ಕ್ಯಾನ್ ಕೆಳಗೆ ಆಕವ್ಳೆ ಕಣೇ. ಸವೆದು ನುಣ್ಣಗಾಗದೆ. ಈಗ ಅಚ್ಚು ತೆಗುದ್ರೆ ಕ್ಯಾನಿನ ತಳ ಬತ್ತದೆ, ಅಷ್ಟೇ. ತೆಗ್ದಿದ್ದೇ ಏಳು. ಮೂರು ಬಾಡಿಗೆ ಮನೇಲಿ ನೀರಾಗೋದ್ವು, ಒಂದು ಇಲಿ ತಿಂತು, ಎರಡು ಯಾರ ಮದ್ವೆಗೆ ಕೊಟ್ನೋ ನೆನಪಿಲ್ಲ. ನಿನ್ನತ್ರ ಇರೋದೊಂದೇ. ನಾನು ಆಮೇಲೆ ಮಾಡಿದ್ದೆಲ್ಲಾ ಅದರಿಂದ್ಲೇ ಉಟ್ಟಿದ್ದು. ತಾಯಿ ಇಲ್ದೆ ಮಕ್ಕಳನ್ನ ನಿಲ್ಸದು ಎಂಗೆ? ಚೆನ್ನಾಗಿಟ್ಟಿದ್ದೀಯ ತಾನೆ?"

"ಓ, ಬಹಳ ಚೆನ್ನಾಗಿದೆ" ಎಂದೆ. ಫೋನಿಟ್ಟು ಹೋಗಿ ನೋಡಿದೆ. ಕಾಗದ ಹಪ್ಪಳದ ಹಾಗೆ ಉಬ್ಬಿ ತಗ್ಗಿತ್ತು. ಅಂಚಿನಲ್ಲಿ ಕಂದು ಚುಕ್ಕಿ. ಮೇಲಿನ ಒಂದು ಮೂಲೆ ಗಾಜಿಗೇ ಅಂಟಿಕೊಂಡಿತ್ತು.

ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ರೈಲು ಹತ್ತಿ ಊರಿಗಾಂಗೆ ಬಂದೆ. ತಾತ ಗಾಜಿನ ಮೇಲೆ ಮೂಗಿಟ್ಟು, ಅಂಚಿನಿಂದ ಅಂಚಿಗೆ ನಾಯಿಯ ಹಾಗೆ ಮೂಸಿದರು.

"ಬೂಷ್ಟು. ಎಲ್ಲಿ ಆಕಿದ್ರಿ, ಕಕ್ಕಸ್ ಗೋಡೆಗಾ?"

ಲೈಬ್ರರಿಯ ಆ ಗೋಡೆಯ ಆಚೆಗೆ ಸ್ಟಾಫ್ ಟಾಯ್ಲೆಟ್ಟೇ ಇತ್ತು. ನಾನು ಸುತ್ತಿ ತಂದ ಸೀರೆಯನ್ನು ಮಡಿಸತೊಡಗಿದೆ.

"ಪೋದುಂ, ಸಾಕು, ಗೊತ್ತಾತು ಬಿಡಿ."

ಆಮೇಲೆ ಅವರು ಚಿತ್ರವನ್ನು ಪರೀಕ್ಷಿಸಿದ ರೀತಿಯನ್ನು ನಾನು ಮರೆಯಲಾರೆ. ಬೆಂಗಳೂರಿನ ಕಲಾ ಪಂಡಿತರು ಚಿತ್ರದಿಂದ ಹತ್ತು ಹೆಜ್ಜೆ ಹಿಂದೆ ಸರಿದು ತಲೆ ವಾಲಿಸಿ ನೋಡುವುದನ್ನು ಕಂಡಿದ್ದೇನೆ. ಇವರು ಹಿಂದೆ ಸರಿಯಲೇ ಇಲ್ಲ. ಬಾಗಿಲು ಮುಚ್ಚಿ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ, ಪಕ್ಕದಿಂದ ಬೆಳಕು ಬಿಟ್ಟರು. ಕಾಗದದ ಒಂದೊಂದು ಉಬ್ಬೂ ಗುಡ್ಡದ ಹಾಗೆ ನೆರಳು ಚೆಲ್ಲಿತು. ಚಿತ್ರದ ಸುತ್ತ ತಗಡು ಒತ್ತಿದ ಅಂಚು ತಗ್ಗಾಗಿ ಕಂಡಿತು. "ನೋಡು, ಇದು ಪ್ರೆಸ್ಸಿಂದ ಬಂದ ಗಾಯ. ಇದಿದ್ರೆ ಕೈಯಾರೆ ಒತ್ತಿದ್ದು. ಜೆರಾಕ್ಸ್ ಆದ್ರೆ ಈ ಗಾಯ ಇರಲ್ಲ." ಭೂತಗನ್ನಡಿಯಲ್ಲಿ ಪೆನ್ಸಿಲ್ ಸಹಿ, ಪಕ್ಕದಲ್ಲಿ ಏಳರಲ್ಲಿ ಮೂರನೆಯದು ಎಂಬ ಅಂಕಿ. ಮಸಿ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದಿದೆಯೇ ಎಂದು ಓರೆಯಾಗಿ ನೋಡಿದರು. ಕೊನೆಗೆ, "ಕಾಗದ ಅತ್ತಿ ನಾರಿಂದು. ಗಟ್ಟಿ ಜೀವ. ನೀವು ಇಷ್ಟು ಇಂಸೆ ಕೊಟ್ರೂ ಸತ್ತಿಲ್ಲ," ಎಂದರು.

"ಇದರ ಬೆಲೆ ಎಷ್ಟಿರಬಹುದು ತಾತ?"

"ಬೆಲೆ ಇರ್ಲಿ. ಇದನ್ನ ಇನ್ನೊಂದು ಸಲ ಮಾಡಕ್ಕಾಗ್ತದಾ?"

"ಇಲ್ಲ. ತಗಡಿನ ಮೇಲೆ ಹಾಲಿನ ಕ್ಯಾನಿದೆ."

"ಅಂಗಾದ್ರೆ ಕೇಳ್ಬೇಡ. ಉಳ್ಸು."

ಆದರೆ ಟಾರ್ಚು ಆರಿಸುವ ಮೊದಲು ಇನ್ನೊಂದು ಮಾತು ಹೇಳಿದರು. ಅಡ್ಡ ಗೆರೆಗಳ ಮೇಲೆ, ಮುಟ್ಟದೆ, ಬೆರಳು ಓಡಿಸುತ್ತಾ, "ಇದು ಲೆವೆಲ್ಲು, ಅಡ್ಡ ಸುರಂಗ. ಇದೂ ಲೆವೆಲ್ಲು. ಈ ಕಪ್ಪು ಇಳಿಯೋದು ಶಾಫ್ಟು, ಗಣಿ ಬಾವಿ. ಈ ಬೂದು, ಅಗೆದು ಬಿಟ್ಟಿರೋ ಜಾಗ. ಎಲ್ಲಾ ಸರಿ, ಗಾಳಿಗೆ ದಾರಿನೇ ಬಿಟ್ಟಿಲ್ವಲ್ಲಮ್ಮ ನಿನ್ ಫ್ರೆಂಡು? ಒಳಗಿರೋರು ಸಾಯಲ್ವಾ?"

ಗಣಿಯ ನಕ್ಷೆ ಬರೆದು ಕಣ್ಣು ಸವೆಸಿದವರಿಗೆ ನಾಲ್ಕು ಗೆರೆ ಕಂಡರೆ ಅದು ಗಣಿಯೇ. ಇದು ಏನೂ ಅಲ್ಲ, ಬರೀ ಗೆರೆ ಎಂದು ನಾನು ಹೇಳಿದೆ. ಒಂದು ವಾರದ ನಂತರ ಗೆಳತಿಯೇ ಬಂದು ಹೇಳಿದಳು.

"ತಾತ, ಅದು ಗಣಿ ಅಲ್ಲ. ಏನೂ ಅಲ್ಲ."

"ಏನೂ ಅಲ್ದೇ ಇರೋದಕ್ಕೆ ಇಷ್ಟು ಕರೆಕ್ಟಾಗಿ ಗೆರೆ ಎಳೀತಾರಾ? ನಿಮ್ಮಪ್ಪ ಯಾವ ಶಾಫ್ಟು?"

"ನಮ್ಮಪ್ಪ ಎಮ್ಮೆ ತಾತ. ಎಮ್ಮೆ ಸಾಕೋರು."

"ನಿಮ್ ತಾತ?"

"ಅವರೂ ಎಮ್ಮೇನೇ."

"ನಂಬಲ್ಲ," ಎಂದು ಮುಖ ತಿರುಗಿಸಿ ಕೂತರು.

ರಿಪೇರಿ ಎರಡು ತಿಂಗಳು ನಡೆಯಿತು. ನನಗೆ ರಜೆಯಿದ್ದಾಗಲೆಲ್ಲ ಹೋಗಿ ಕೂರುತ್ತಿದ್ದೆ. ಬಾಗಿಲಲ್ಲೇ ತಪಾಸಣೆ: ಬಳೆ ಬಿಚ್ಚು, ಮುಡಿದ ಹೂ ತೆಗೆ, ಕೈ ತೊಳೆ. "ರೈಲಲ್ಲಿ ವಡೆ ತಿಂದ್ಯಾ? ಇನ್ನೊಂದ್ಸಲ ತೊಳಿ." ಎಲ್ಲಕ್ಕಿಂತ ಹೆಚ್ಚು ಬೈಗುಳ ನನ್ನ ಜಡೆಗೆ. ನನ್ನದು ಉದ್ದ ಜಡೆ, ಬಗ್ಗಿದರೆ ಮುಂದಕ್ಕೆ ಜಾರುತ್ತದೆ. "ಆ ಅಗ್ಗಾನ ಇಂದಕ್ಕೆ ಆಕು! ಎಣ್ಣೆ ಬಿದ್ರೆ ಕಾಗದಕ್ಕೆ ಜನ್ಮಕ್ಕೂ ಓಗಲ್ಲ."

ಗಾಜಿಗಂಟಿದ ಮೂಲೆಯನ್ನು ಬಿಡಿಸಲು ಮೂರು ದಿನ ಹಿಡಿಯಿತು. ಒಂದು ತಟ್ಟೆಯಲ್ಲಿ ಒದ್ದೆ ಬಟ್ಟೆ ಇಟ್ಟು, ಕಾಗದಕ್ಕೆ ನೀರು ತಾಕದೆ ಬರೀ ತೇವದ ಗಾಳಿ ತಾಕುವಂತೆ ಮುಚ್ಚಿ, ಕಾದರು. ಬಿದಿರಿನ ತೆಳು ಸೀಳನ್ನು ಒಂದೊಂದು ಕೂದಲಿನಷ್ಟು ಒಳಗೆ ತೂರಿಸುತ್ತಾ ಕಾಗದದ ಜೊತೆ ಮಾತಾಡುತ್ತಿದ್ದರು: "ಬಿಡ್ಲಾ. ಬಿಡ್ಲಾ ಅಂದ್ರೆ. ಗಾಜೇನು ನಿನ್ ಎಂಡ್ರಾ, ಅಂಗ್ ಕಚ್ಕಂಡಿದ್ದೀಯ?" ಸೆಲ್ಲೋಟೇಪು ಬಿಡಿಸಲು ಬಿಸಿಗಾಳಿ ಬೇಕೆಂದು ಹೇರ್‌ಡ್ರೈಯರ್ ಕೊಂಡು ತಂದರು. ತಲೆಯಲ್ಲಿ ಒಂದೇ ಒಂದು ಕೂದಲಿಲ್ಲದ ಮುದುಕ ಅದನ್ನು ಕೇಳಿದಾಗ ಅಂಗಡಿಯವನು ನಕ್ಕನಂತೆ. "ಮನೇಲಿ ಒಬ್ಳು ಹೀರೋಯಿನ್ ಅವ್ಳೆ ಅಂದೆ," ಎಂದು ಚಿತ್ರವನ್ನು ತೋರಿಸಿದರು.

ಹೊಸ ಚೌಕಟ್ಟಿನಲ್ಲಿ ಗಾಜು ಕಾಗದವನ್ನು ಮುಟ್ಟಬಾರದು, ನಡುವೆ ದಪ್ಪ ರಟ್ಟಿನ ಕಿಟಕಿ ಇರಬೇಕು. ಕಾಗದವನ್ನು ಮೇಲಿನ ಅಂಚಿನಲ್ಲಿ ಮಾತ್ರ, ಗಂಜಿಯ ಅಂಟಿನಿಂದ ಎರಡು ತೆಳು ಪಟ್ಟಿಗೆ ತೂಗಬೇಕು. "ಮಳೆಗಾಲದಲ್ಲಿ ಉಬ್ತದೆ, ಬ್ಯಾಸ್ಗೇಲಿ ಕುಗ್ತದೆ. ನಾಲ್ಕೂ ಕಡೆ ಕಟ್ಟಾಕಿದ್ರೆ ಎಲ್ಲಿಗೋದಾತು ಪಾಪ?" ಬಿಸಿಲಿಗೆ ಹಾಕಬಾರದು. ಎರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಮತ್ತು ಅವರ ದೊಡ್ಡ ಸೂತ್ರ: "ಮೊದ್ಲು ಕಾಗದ, ಆಮೇಲೆ ಮನುಷ್ಯ. ಮನುಷ್ಯ ಬಿದ್ರೆ ಎದ್ದೇಳ್ತಾನೆ. ಕಾಗದ ಬಿದ್ರೆ ಮುಗೀತು." ಒಮ್ಮೆ ನಾನು ಹೊಸ್ತಿಲು ಎಡವಿ ಮುಗ್ಗರಿಸಿದಾಗ ಅವರು ಹಿಡಿದದ್ದು ನನ್ನನ್ನಲ್ಲ, ನನ್ನ ಕೈಲಿದ್ದ ರಟ್ಟನ್ನು. ಮೊಣಕಾಲಿನ ಕಲೆ ಇನ್ನೂ ಇದೆ.

ಆ ದಿನ ಮೇ ತಿಂಗಳ ಒಂದು ಮಧ್ಯಾಹ್ನ. ಮಾರನೆಯ ದಿನ ಬೆಂಗಳೂರಿನಿಂದ ಚಿತ್ರ ಒಯ್ಯಲು ಜನ ಬರುವವರಿದ್ದರು. ಉಳಿದಿದ್ದು ಗಾಜು ಕೊಯ್ದು, ಚಿತ್ರ ಕೂರಿಸಿ, ಮುಚ್ಚುವ ಕೆಲಸ. ಸಂಜೆಯ ರೈಲು ತಪ್ಪಿದರೆ ಎಂದು ನಾನು ಗಡಿಯಾರ ನೋಡುತ್ತಾ "ಬೇಗ ತಾತ, ಬೇಗ" ಎಂದು ಬೆನ್ನು ಹತ್ತಿದ್ದೆ.

ಅಂಗಡಿಯ ಒಂದು ಗೋಡೆಗೆ, ಹಲಗೆಯ ಕಟ್ಟೆಯ ಮೇಲೆ, ದೊಡ್ಡ ಗಾಜಿನ ಹಾಳೆಗಳು ಒರಗಿ ನಿಂತಿದ್ದವು. ಹತ್ತು ಹನ್ನೆರಡು ಇದ್ದವೇನೋ, ಕಟ್ಟೆಯೂ ಸೇರಿ ನನ್ನ ತಲೆಗಿಂತ ಎತ್ತರ. ಅವು ಮುಂದಕ್ಕೆ ಬೀಳದಂತೆ ಅಡ್ಡಲಾಗಿ ಒಂದು ಮರದ ಪಟ್ಟಿ. ತಾತ ಪಟ್ಟಿ ತೆಗೆದು ಒಂದು ಗಾಜನ್ನು ಎಳೆದು ಕೊಯ್ದರು. ಪಟ್ಟಿಯನ್ನು ಮತ್ತೆ ಸಿಕ್ಕಿಸುವ ಮೊದಲೇ ನಾನು, "ಅದು ಆಮೇಲೆ ಹಾಕಿ ತಾತ, ರೈಲು ಹೋಗುತ್ತೆ" ಎಂದೆ. ಊರಿಗೆಲ್ಲ ಎರಡೆರಡು ಮೊಳೆ ಹಂಚಿದ ಮನುಷ್ಯ ಆ ಒಂದು ಪಟ್ಟಿಯನ್ನು ಕೆಳಗಿಟ್ಟರು. ನನ್ನ ಮಾತು ಕೇಳಿ ಇಟ್ಟರು.

ಚಿತ್ರವನ್ನು ಒಣಗಲು ಇಟ್ಟಿದ್ದ ಹಲಗೆಯಿಂದ ಮೇಜಿಗೆ ಸಾಗಿಸಬೇಕಿತ್ತು. ಒಂದು ಅಂಚು ಅವರು, ಒಂದು ಅಂಚು ನಾನು, ನಡುವೆ ಜೋಲಿಯ ಹಾಗೆ ಕಾಗದ. ನನ್ನ ಬೆನ್ನು ಗಾಜಿನ ಕಡೆ. "ಏನೇ ಆದ್ರೂ ಬಿಡಬೇಡ," ಎಂದರು.

ಆಗ ಗಾಳಿ ಎದ್ದಿತು. ಮೊದಲು, ಗಣಿಯ ಪುಡಿಮಣ್ಣು ಸುರಿದು ಬೆಳೆದ ಸೈನೈಡ್ ಗುಡ್ಡದ ಬಿಳಿ ಧೂಳು ಬಾಗಿಲಿನಿಂದ ಹಿಟ್ಟು ಎರಚಿದಂತೆ ಬಂತು. ಮೇಲೆ ತಗಡು ಎದ್ದು ಬಡಿಯಿತು, ಒಂದು ಸಲ, ಎರಡು ಸಲ. ಹಿಂಬಾಗಿಲು ಧಡಾರನೆ ತೆರೆದುಕೊಂಡು ಗೋಡೆಗೆ ಅಪ್ಪಳಿಸಿತು. ಗೋಡೆ ಅದುರಿತು. ನನ್ನ ಜಡೆ ಮುಂದಕ್ಕೆ ಜಾರಿತು. ತಾತನ ಬಾಯಿ ತೆರೆಯಿತು, ಬೈಯಲೆಂದು. ಅದು ಬೈಯುವ ಬಾಯಿಯೇ, ನನಗೆ ಚೆನ್ನಾಗಿ ಗೊತ್ತು. ಆದರೆ ಅವರ ಕಣ್ಣು ನನ್ನ ತಲೆಯ ಮೇಲೆ, ಹಿಂದೆ, ಏನನ್ನೋ ನೋಡಿತು. ನನ್ನ ಹಿಂದೆ ಸಣ್ಣಗೆ, ಬಳೆಗಳು ಒಂದಕ್ಕೊಂದು ತಾಗಿದಂತೆ, ಸದ್ದಾಯಿತು.

ಈಗ ನೆನೆದರೆ ನಾನು ಓಡಬಹುದಿತ್ತು, ಬಗ್ಗಬಹುದಿತ್ತು. ನಾನು ನಿಂತೇ ಇದ್ದೆ. ಬಿಡಬೇಡ ಎಂದಿದ್ದರಲ್ಲ, ವಿಧೇಯ ವಿದ್ಯಾರ್ಥಿನಿಯ ಹಾಗೆ ಎರಡು ಕೈಯಲ್ಲೂ ಕಾಗದ ಹಿಡಿದು ನಿಂತಿದ್ದೆ. ತಾತ ಬಿಟ್ಟರು. ಹತ್ತು ವರ್ಷದ ಬೂಷ್ಟು ಬಿಡಿಸಿದ, ಎರಡು ತಿಂಗಳು ಮಾತಾಡಿಸಿದ ಕಾಗದದ ಅಂಚನ್ನು ಕೈಯಿಂದ ಬಿಟ್ಟು, ಮುಂದೆ ನೇತಾಡುತ್ತಿದ್ದ ನನ್ನ ಜಡೆಗೆ ಕೈ ಹಾಕಿ, ಬಾವಿಯಿಂದ ಕೊಡ ಎಳೆದಂತೆ ಎಳೆದರು.

ನಾನು ಅವರ ಮೇಲೆ ಬಿದ್ದೆ. ನಾನು ನಿಂತಿದ್ದ ಜಾಗಕ್ಕೆ ಅಷ್ಟೂ ಗಾಜು ಬಿದ್ದವು. ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ.

ನನ್ನ ಕೈಯಲ್ಲಿ ಕಾಗದ ಇನ್ನೂ ಇತ್ತು. ಒಂದು ಚೂರು ಗಾಜು ಎಗರಿ, ಕೆಳಗಿನ ಎಡ ಅಂಚಿನಿಂದ ನಾಲ್ಕು ಅಂಗುಲ ಸೀಳಿತ್ತು. ಇನ್ನೊಂದು ಚೂರು ತಾತನ ಎಡ ಮುಂಗೈಯನ್ನು ಸೀಳಿತ್ತು. ರಕ್ತ ಹರಿಯುತ್ತಿತ್ತು. ನಾನು ಅವರ ಕಡೆ ನುಗ್ಗಿದೆ.

"ದೂರ! ದೂರ ಓಗು!" ಎಂದು ಕಿರುಚಿದರು. "ರಕ್ತ ಬೀಳ್ತದೆ ಅದರ ಮೇಲೆ! ಕಾಗದ ಮೇಲಕ್ಕೆ ಇಡ್ಕೊ, ಮೂದೇವಿ!"

ಹಾಗೆ ಹೇಳಿ ತಾವೇ ಕೈಯನ್ನು ಎತ್ತಿ ಹಿಡಿದು, ಹೊರಗೆ ಸುರಿಯತೊಡಗಿದ್ದ ಮಳೆಗೆ ನಡೆದು ಹೋಗಿ, ಅಂಗಡಿಗೆ ಬೆನ್ನು ಹಾಕಿ ನಿಂತರು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುತ್ತಿದ್ದ ನರ್ಸಮ್ಮನಿಗೆ, "ಗ್ಯಾಪು ಸಮ ಇಲ್ಲಮ್ಮ. ಸ್ಕೇಲ್ ಇಟ್ಕೊಂಡು ಆಕು," ಎಂದರು. ಅವಳು, "ವಾಯ ಮೂಡು ತಾತಾ," ಎಂದಳು. ಅವರು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಆಗ ಮಾತ್ರ. ಹೊಲಿಗೆ ಮುಗಿದ ಮೇಲೆ ನನ್ನ ಕಡೆ ತಿರುಗಿ ಅಂದರು: "ಬಿಡಬಾರ್ದಿತ್ತಾ ನೀನು? ನೀನು ಬಿಟ್ಟಿದ್ರೆ ಅದು ಅಂಗೇ ತೇಲ್ಕೊಂಡು ಮೇಜಿನ ಕೆಳಗೆ ಓಗಿರೋದು. ಅರೀತಿರ್ಲಿಲ್ಲ."

"ನೀವೇ ಬಿಡಬೇಡ ಅಂದಿರಿ!"

"ನಾನು ಸಾವ್ರ ಏಳ್ತೀನಿ."

ಬೆಂಗಳೂರಿನವರು ಬರುವುದನ್ನು ಹದಿನೈದು ದಿನ ಮುಂದಕ್ಕೆ ಹಾಕಿಸಿದೆವು. ಗೆಳತಿಗೆ ಫೋನಿನಲ್ಲಿ, "ಬಿರುಗಾಳಿಗೆ ಗಾಜು ಬಿತ್ತು" ಎಂದೆ. ಪಟ್ಟಿಯ ವಿಷಯ ಹೇಳಲಿಲ್ಲ, ರೈಲಿನ ವಿಷಯ ಹೇಳಲಿಲ್ಲ. ತಾತ ಪಕ್ಕದಲ್ಲೇ ಕೂತು ಕೇಳಿಸಿಕೊಂಡರು.

ಸೀಳನ್ನು ಅವರು ಬಲಗೈಯಲ್ಲೇ ಹಿಂದಿನಿಂದ ತೆಳು ಕಾಗದ, ಗಂಜಿ ಅಂಟು ಹಚ್ಚಿ ಕೂಡಿಸಿದರು. ಮುಂದಿನಿಂದ ಕೂದಲಿನಂಥ ಒಂದು ಗೆರೆ ಉಳಿಯಿತು. ಅದಕ್ಕೆ ಮಸಿ ಹಚ್ಚಿ ಮರೆಮಾಡಿ ಎಂದು ನಾನು ಗೋಗರೆದೆ. "ಟ್ರೇಸರ್ ಒಸ ಗೆರೆ ಎಳೆಯಂಗಿಲ್ಲ," ಎಂದರು.

ಚಿತ್ರ ಒಯ್ಯಲು ಬಂದ ಯುವಕ ಬಿಳಿ ಕೈಗವಸು ತೊಟ್ಟಿದ್ದ. ತಾತ ನನ್ನ ಕಡೆ ಬಗ್ಗಿ, "ಬ್ಯಾಂಡ್‌ಸೆಟ್ಟಿನೋನಾ?" ಎಂದು ಕೇಳಿದರು. ಅವನು ಸೀಳನ್ನು ಕಂಡು ನಾಲಿಗೆ ಲೊಚಗುಟ್ಟಿ, "ಇದರಿಂದ ಬೆಲೆ ಅರ್ಧಕ್ಕೆ ಇಳಿಯುತ್ತೆ," ಎಂದ.

"ಯಾವ ಅರ್ಧ ಸಾರ್?" ಎಂದರು ತಾತ. "ಮೇಲಿಂದೋ, ಕೆಳಗಿಂದೋ?"

ಅವನ ಜೊತೆ ಬಂದಿದ್ದ ಗೆಳತಿ ಚಿತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹತ್ತು ವರ್ಷ ಕಕ್ಕಸಿನ ಗೋಡೆಗೆ ಹಾಕಿ, ಆಮೇಲೆ ಸೀಳಿ ಕೊಟ್ಟವಳು ನಾನು. ಅವಳು ಟಾರ್ಚು ಇಸಕೊಂಡು, ತಾತ ಮಾಡುವ ಹಾಗೆಯೇ ಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಕೊನೆಗೆ, "ಗಾಳಿಗೆ ದಾರಿ ಇಲ್ಲ ಅಂತಿದ್ರಲ್ಲ ತಾತ," ಎಂದಳು. "ಈಗ ಆತು ನೋಡಿ."

ತಾತ ಮೊದಲ ಸಲ ಅವಳನ್ನು ಗೌರವದಿಂದ ನೋಡಿದರು. "ನಾನು ಏಳಿರ್ಲಿಲ್ವಾ, ಗಣಿ ಅಂತ?"

ಪ್ರದರ್ಶನದಲ್ಲಿ ಅದು ಬಾಗಿಲಿಗೆ ನೇರವಾಗಿ, ಎಲ್ಲಕ್ಕಿಂತ ಮೊದಲು ನಿಂತಿತ್ತು. ಮುಗಿದ ಮೇಲೆ ಅವಳು ಅದನ್ನು ಮತ್ತೆ ಲೈಬ್ರರಿಗೇ ಕೊಟ್ಟಳು. ತಾತ ಕೊನೆಯ ಸಲ ಚೌಕಟ್ಟು ಬಿಗಿದು, ನನಗೆ ಬೆನ್ನು ತಿರುಗಿಸಿ ಚೀಟಿ ಬರೆದು ಅಂಟಿಸಿ, ಕಂದು ಕಾಗದ ಬಡಿದರು.

"ಕಾರಣ ಏನಂತ ಬರೆದಿರಿ?" ಎಂದೆ.

"ಎರಡು ವರ್ಷಕ್ಕೆ ಬಿಚ್ತೀಯಲ್ಲ, ಆಗ ಓದ್ಕೊ."

ಎರಡು ವರ್ಷ ಆ ಚಿತ್ರದ ಕೆಳಗೆ, ಈ ಸಲ ಒಣಗಿದ ಗೋಡೆಯ ಕೆಳಗೆ, ಕೂತು ನಾನು ಪುಸ್ತಕಕ್ಕೆ ನಂಬರು ಅಂಟಿಸಿದ್ದೇನೆ. ಅದರ ಬೆನ್ನಲ್ಲಿ ‘ಕಾರಣ: ಮೇಡಂ ಅವಸರ’ ಎಂದೋ, ‘ಪಟ್ಟಿ ಹಾಕಲು ಬಿಡಲಿಲ್ಲ’ ಎಂದೋ ಇರುತ್ತದೆಂದು ನನಗೆ ಖಾತ್ರಿಯಿತ್ತು. ಬಿಚ್ಚುವ ದಿನ ಅವರೇ ಬರುವೆನೆಂದಿದ್ದರು. ಅದಕ್ಕೆ ಸರಿಯಾಗಿ ಸಕ್ಕರೆ ಕಡಿಮೆಯಾದ ಕಾಫಿ ಕುಡಿದು ಹೊರಟುಹೋದರು.

ತಿಥಿಯ ಮಾರನೆಯ ದಿನ ನಾನೊಬ್ಬಳೇ ಬಿಚ್ಚಿದೆ. ಬಳೆ ತೆಗೆದೆ, ಕೈ ಎರಡು ಸಲ ತೊಳೆದೆ, ಜಡೆಯನ್ನು ಸುತ್ತಿ ಗಂಟು ಹಾಕಿದೆ. ಕಂದು ಕಾಗದ ಸೀಳಿದೆ. ಬೂಷ್ಟಿನ ವಾಸನೆಯಿಲ್ಲ, ಕಾಗದ ಸೊಗಸಾಗಿ ಉಸಿರಾಡುತ್ತಿತ್ತು. ಚೀಟಿಯಲ್ಲಿ ನಕ್ಷೆಯ ಅಕ್ಷರ, ಒಂದೂ ಅಲ್ಲಾಡಿಲ್ಲ:

‘ಹೆಸರು: ಗಣಿ. ಬರೆದವರು ಒಪ್ಪಿಲ್ಲ.
ಹಾನಿ: ಕೆಳಗೆ ಎಡಕ್ಕೆ ನಾಲ್ಕು ಅಂಗುಲ.
ಕಾರಣ: ಮೇಡಂ ಬದುಕಿದ್ದಾರೆ.
ಬೆಲೆ: ಇಳಿದಿಲ್ಲ.’